ಸಿಕ್ಕ ಒಡವೆಯೂ ಅಚೌರ್ಯವ್ರತವೂ

ಕಡೂರಿನಲ್ಲಿ ದೊರೆತಿರುವ ಕ್ರಿ. ಶ. 971ರ ಸ್ತಂಭಶಾಸನವೊಂದು ಪಾಂಬಬ್ಬೆ ಎಂಬ ತಪಸ್ವಿನಿಯನ್ನು ಸ್ಮರಿಸುತ್ತದೆ. ಆಕೆ ಗಂಗರಾಜ ಬೂತುಗನ ಅಕ್ಕ. ನಾಣಬ್ಬೆ ಕಂತಿಯರ ಶಿಷ್ಯೆ. ರಾಜಕುಲದ ಸಕಲ ಭೋಗಗಳನ್ನು ತೊರೆದು, ಕೇಶಲೋಚ ಮಾಡಿಕೊಂಡು, 30 ವರ್ಷ ತಪವನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸಿ ಆಕೆ ದೇಹವನ್ನು ಬಿಟ್ಟಳೆಂದು ಆ ಕಲ್ಲು ಹೇಳುತ್ತದೆ. ತಪದ ವರ್ಷಗಳನ್ನು ಎಣಿಸಿ ಹೇಳಿದ ಶಾಸನವು ವ್ರತಗಳ ಮಾತನ್ನು ಮರೆಯಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ವ್ರತವಿಲ್ಲದ ಉಪವಾಸ ಬರಿಯ ಹಸಿವು. ಐದು ವ್ರತಗಳಲ್ಲಿ ಒಂದು ಸಡಿಲವಾದರೂ ಉಳಿದ ನಾಲ್ಕು ಗಟ್ಟಿಯಾಗಿ ನಿಲ್ಲಲಾರವು.

ಶ್ರಾವಕರ ಮನೆಗಳಲ್ಲಿ ಅಹಿಂಸೆಯ ವಿಷಯದಲ್ಲಿ ನಿತ್ಯವೂ ಎಚ್ಚರವಿರುತ್ತದೆ. ನೀರನ್ನು ಸೋಸಿ ಕುಡಿಯುತ್ತಾರೆ, ರಾತ್ರಿಭೋಜನವನ್ನು ಬಿಡುತ್ತಾರೆ, ಕಂದಮೂಲಗಳನ್ನು ವರ್ಜಿಸುತ್ತಾರೆ. ಆದರೆ ಮೂರನೆಯ ವ್ರತವಾದ ಅಚೌರ್ಯದ ಮಾತು ಬಂದಾಗ, ಅದು ಕನ್ನ ಕೊರೆಯುವವರಿಗೆ ಹೇಳಿದ್ದು, ಮರ್ಯಾದಸ್ಥರ ಮನೆಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಸಾಮಾನ್ಯ. ಆಚಾರ್ಯರು ಹಾಗೆ ತಿಳಿಯಲಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಕೊಡದೇ ಇರುವುದನ್ನು ತೆಗೆದುಕೊಳ್ಳುವುದೇ ಕಳವು ಎಂದು ಅದರ ಲಕ್ಷಣವನ್ನು ಹೇಳಿದ್ದಾರೆ. ಗೋಡೆ ಒಡೆಯುವ ಮಾತಾಗಲಿ ಬೀಗ ಮುರಿಯುವ ಮಾತಾಗಲಿ ಅಲ್ಲಿಲ್ಲ. ಕೊಟ್ಟವರು ಯಾರು ಎಂಬುದೊಂದೇ ಪ್ರಶ್ನೆ.

ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗಾಗಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಒಬ್ಬರು ಇಟ್ಟದ್ದು, ಅವರ ಕೈಯಿಂದ ಬಿದ್ದದ್ದು, ಅವರು ಮರೆತು ಬಿಟ್ಟದ್ದು, ಹೀಗೆ ಯಾವ ಪರದ್ರವ್ಯವನ್ನೂ ಅವರು ಕೊಡದ ಹೊರತು ತಾನೂ ತೆಗೆದುಕೊಳ್ಳಬಾರದು, ಮತ್ತೊಬ್ಬರಿಗೂ ಕೊಡಬಾರದು ಎಂಬುದು ಅವರ ವಿಧಿ. ಇದರ ಮೊದಲ ಅರ್ಧವನ್ನು ಎಲ್ಲರೂ ಬಲ್ಲರು. ಎರಡನೆಯ ಅರ್ಧದ ಮೇಲೆ ಯಾರ ದೃಷ್ಟಿಯೂ ಬೀಳುವುದಿಲ್ಲ. ಸಿಕ್ಕ ಒಡವೆಯನ್ನು ತಾನು ಧರಿಸಿದರೆ ವ್ರತಭಂಗ ಎಂಬುದು ಸ್ಪಷ್ಟ. ಅದನ್ನೇ ಬಸದಿಗೆ ದಾನವಾಗಿ ಕೊಟ್ಟರೂ ವ್ರತಭಂಗವೇ. ಈ ಮಾತು ಕೇಳುವುದಕ್ಕೆ ಕಠಿಣವೆನಿಸುತ್ತದೆ. ಒಂದು ದೃಷ್ಟಾಂತದಿಂದ ಅದನ್ನು ವಿಚಾರಿಸಬಹುದು.

ಅಜ್ಜಂಪುರದಲ್ಲಿ ಒಂದು ಶ್ರಾವಕ ಮನೆತನವಿದೆಯೆಂದು ಭಾವಿಸೋಣ. ಅತ್ತೆ, ಮಗ, ಸೊಸೆ ಮೂವರ ಸಂಸಾರ. ಸಣ್ಣ ದಿನಸಿ ಅಂಗಡಿ. ಕೆಲವು ವರ್ಷಗಳ ಹಿಂದೆ ಅವರು ಒಂದು ಹಳೆಯ ಮನೆಯನ್ನು ಕೊಂಡರು. ಮನೆಯೊಂದಿಗೆ ಅಟ್ಟದ ಮೇಲಿದ್ದ ಹಿತ್ತಾಳೆ ಪಟ್ಟಿಯ ಮರದ ಪೆಟ್ಟಿಗೆಯೂ ಬಂತು. ಸೊಸೆ ಅನಂತನ ನೋಂಪಿಯನ್ನು ಹಿಡಿದು 13 ವರ್ಷಗಳನ್ನು ಮುಗಿಸಿದ್ದಳು. ಭಾದ್ರಪದ ಬಂದರೆ 14ನೆಯದು. ಹದಿನಾಲ್ಕನೆಯ ತೀರ್ಥಂಕರರಾದ ಅನಂತನಾಥ ಸ್ವಾಮಿಯನ್ನು ಆರಾಧಿಸುವ ಆ ನೋಂಪಿಗೆ 14 ವರ್ಷಗಳ ಕೊನೆಗೆ ಉದ್ಯಾಪನೆಯಾಗಬೇಕು. ಪೂಜಾ ದ್ರವ್ಯಗಳು, ಬಸದಿಗೆ ಉಪಕರಣ, ಶಾಸ್ತ್ರದಾನ, ಸಾಧರ್ಮಿಕರಿಗೆ ಭೋಜನ, ಇವೆಲ್ಲಕ್ಕೂ ಹಣ ಬೇಕು. ಅಂಗಡಿಯ ಗಳಿಕೆ ಮನೆಯ ಖರ್ಚಿಗೇ ಸರಿಹೋಗುತ್ತಿತ್ತು.

ಪರ್ವಕ್ಕಾಗಿ ಮನೆಯನ್ನು ಶುದ್ಧಿ ಮಾಡುವಾಗ ಸೊಸೆ ಆ ಪೆಟ್ಟಿಗೆಯನ್ನು ಇಳಿಸಿ ಒರೆಸಿದಳು. ತಳದ ಹಲಗೆಯೊಂದು ಅಲುಗಾಡಿತು. ಅದನ್ನೆತ್ತಿದರೆ ಕೆಳಗೆ ಒಂದು ಒಳ ಅರೆ; ಅದರಲ್ಲಿ ಮಾಸಿದ ಕೆಂಪು ಬಟ್ಟೆಯ ಗಂಟು; ಗಂಟಿನಲ್ಲಿ ಹಳೆಯ ಕಾಲದ ಕಾಸಿನ ಸರ. ಎಣಿಸಿದರೆ 20 ಕಾಸು. ಒಂದು ಕಾಸಿನ ಕೊಂಡಿ ಮಾತ್ರ ಬೆಳ್ಳಿಯದು. ಸೊಸೆಯ ಕಣ್ಣಲ್ಲಿ ನೀರು ಬಂತು. ತನಗೆ ಒಡವೆ ಬೇಕೆಂದು ಅವಳು ಆಸೆಪಡಲಿಲ್ಲ. ಅನಂತನಾಥ ಸ್ವಾಮಿಯೇ ಉದ್ಯಾಪನೆಗೆ ದಾರಿ ತೋರಿಸಿದನೆಂದು ಅವಳು ನಂಬಿದಳು.

“ಅತ್ತೆ, ಇದನ್ನು ನಾವು ಮುಟ್ಟುವುದು ಬೇಡ. ಬಸದಿಗೇ ಒಪ್ಪಿಸಿಬಿಡೋಣ. ಸ್ವಾಮಿಗೆ ಪ್ರಭಾವಳಿಯಾಗುತ್ತದೆ” ಎಂದಳು.

ಮಗನೂ ಒಪ್ಪಿದ. “ಪೆಟ್ಟಿಗೆಯನ್ನು ಮನೆಯ ಜೊತೆಗೆ ಕೊಂಡಿದ್ದೇವಲ್ಲಮ್ಮಾ. ಅದರಲ್ಲಿರುವುದೂ ನಮ್ಮದೇ ಆಯಿತಲ್ಲವೇ?” ಎಂದು ಕೇಳಿದ.

ಅತ್ತೆ ಸರವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. “ಪೆಟ್ಟಿಗೆಯನ್ನು ಕೊಂಡದ್ದು ನಿಜ ಕಣಪ್ಪ. ಮಾರಿದವರಿಗೆ ಇದು ಒಳಗಿದೆಯೆಂದು ಗೊತ್ತಿತ್ತೆ? ಗೊತ್ತಿಲ್ಲದ್ದನ್ನು ಅವರು ಕೊಟ್ಟದ್ದು ಹೇಗಾಯಿತು? ನಮ್ಮದಲ್ಲದ್ದನ್ನು ಸ್ವಾಮಿಗೆ ಒಪ್ಪಿಸುವುದಕ್ಕೆ ನಾವು ಯಾರು?” ಎಂದರು.

ಆ ವೃದ್ಧೆಯ ಮಾತಿನಲ್ಲಿ ಶಾಸ್ತ್ರದ ತಿರುಳಿದೆ. ದಾನವೆಂದರೆ ಸ್ವಂತ ವಸ್ತುವಿನ ತ್ಯಾಗ. ತತ್ತ್ವಾರ್ಥಸೂತ್ರವು ದಾನದ ಲಕ್ಷಣವನ್ನು ಹೇಳುವಾಗಲೂ ತನ್ನದನ್ನು ಬಿಡುವುದು ಎಂದೇ ಹೇಳುತ್ತದೆ. ತನ್ನದಲ್ಲದ ವಸ್ತುವಿನಲ್ಲಿ ಬಿಡುವುದಕ್ಕೆ ಏನೂ ಇಲ್ಲ. ಪರರ ಒಡವೆಯಿಂದ ಮಾಡಿದ ಪ್ರಭಾವಳಿಯಲ್ಲಿ ಕೊಟ್ಟವರ ಹೆಸರು ಕೆತ್ತಿದರೆ ಕಳವಿನ ಜೊತೆಗೆ ಅಸತ್ಯವೂ ಸೇರುತ್ತದೆ. ವೀತರಾಗನಿಗೆ ಪ್ರಭಾವಳಿಯ ಅಪೇಕ್ಷೆಯಿಲ್ಲ. ಭಕ್ತನ ಪರಿಣಾಮಶುದ್ಧಿಗಾಗಿಯೇ ಅರ್ಪಣೆ. ಆ ಪರಿಣಾಮವೇ ಮಲಿನವಾದರೆ ಅರ್ಪಿಸಿದ್ದು ಯಾವ ಪ್ರಯೋಜನಕ್ಕೆ? ಲೋಭವು ತನಗಾಗಿ ಬೇಡುವಾಗ ಅದನ್ನು ಗುರುತಿಸುವುದು ಸುಲಭ. ದೇವರ ಹೆಸರಿನಲ್ಲಿ ಬೇಡುವಾಗ ಗುರುತಿಸುವುದು ಬಹಳ ಕಷ್ಟ. ಉತ್ತಮ ಶೌಚ ಧರ್ಮವು ತೊಳೆಯಬೇಕಾದ ಮಲ ಇಂತಹ ಸೂಕ್ಷ್ಮ ಲೋಭವೇ.

ಹಾಗಾದರೆ ಸಿಕ್ಕದ್ದನ್ನು ಕೈಯಲ್ಲಿ ಹಿಡಿದದ್ದೇ ದೋಷವೇ ಎಂಬ ಶಂಕೆ ಬರಬಹುದು. ಇಲ್ಲ. ಪ್ರಮತ್ತಯೋಗದಿಂದ, ಅಂದರೆ ಕಷಾಯದಿಂದ ಕೂಡಿದ ಮನೋವಚನಕಾಯಗಳಿಂದ ತೆಗೆದುಕೊಂಡಾಗ ಅದು ಕಳವಾಗುತ್ತದೆ. ಒಡೆಯನಿಗೆ ಮುಟ್ಟಿಸುವ ಸಂಕಲ್ಪದಿಂದ ಎತ್ತಿಟ್ಟರೆ ಅದು ರಕ್ಷಣೆ. ಲೌಕಿಕ ನ್ಯಾಯವೂ ಇದೇ ಜಾಡಿನಲ್ಲಿ ನಡೆದಿದೆ. 1860ರ ಭಾರತೀಯ ದಂಡ ಸಂಹಿತೆಯ 403ನೆಯ ಕಲಮು, ಒಡೆಯನಿಗಾಗಿ ಕಾಪಾಡಲು ಎತ್ತಿಕೊಂಡವನನ್ನು ಅಪರಾಧಿಯೆನ್ನಲಿಲ್ಲ; ಒಡೆಯನನ್ನು ತಿಳಿಯಲು ತಕ್ಕ ಪ್ರಯತ್ನ ಮಾಡದೆ ತನ್ನದಾಗಿಸಿಕೊಂಡವನನ್ನು ಅಪರಾಧಿಯೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮೂ ಅದೇ ನಿಯಮವನ್ನು ಉಳಿಸಿಕೊಂಡಿದೆ. 1872ರ ಕರಾರು ಕಾಯಿದೆಯ 71ನೆಯ ಕಲಮಿನಂತೆ, ಸಿಕ್ಕ ವಸ್ತುವನ್ನು ವಶಕ್ಕೆ ತೆಗೆದುಕೊಂಡವನಿಗೆ ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವನ ಹೊಣೆಯೇ ಇರುತ್ತದೆ. ಕಾಯಿದೆಗೆ ಹೆದರಿ ನಡೆಯುವವನು ತಕ್ಕಷ್ಟು ಹುಡುಕಿ ನಿಲ್ಲಿಸಬಹುದು. ವ್ರತಿಯಾದವನು ಅಷ್ಟಕ್ಕೇ ನಿಲ್ಲಬಾರದು.

ದೃಷ್ಟಾಂತದ ಸಂಸಾರವೂ ಹುಡುಕಲು ಹೊರಟಿತು. ಕಡೂರು, ತರೀಕೆರೆ, ಅಜ್ಜಂಪುರಗಳ ಜನರಿಗೆ ಒಬ್ಬರನ್ನೊಬ್ಬರು ಹುಡುಕುವುದು ಹೊಸದಲ್ಲ. ಕಡೂರನ್ನು ದಾಟಿದ ರೈಲು ಬೀರೂರಿನಲ್ಲಿ ಎರಡು ದಾರಿಯಾಗಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಕಡೆಗೆ, ಮತ್ತೊಂದು ತರೀಕೆರೆಯ ಕಡೆಗೆ. ಮನೆತನಗಳೂ ಹಾಗೆಯೇ ಕವಲೊಡೆದಿವೆ. ಅಡಿಕೆ ತೋಟ, ತೆಂಗಿನ ವ್ಯಾಪಾರ, ಸರ್ಕಾರಿ ನೌಕರಿ ಎಂದು ಕೆಲವರು ಊರು ಬಿಟ್ಟರು; ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ನೆಲೆ ಕಳೆದುಕೊಂಡು ಚದುರಿದವರೂ ಉಂಟು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದರಿಂದ, ಮನೆಯ ಹಳೆಯ ಕಾಗದಗಳಲ್ಲಿ ತರೀಕೆರೆ ತಾಲ್ಲೂಕು ಎಂದೇ ಇತ್ತು.

ಮನೆಯನ್ನು ಮಾರಿದವರು ಕಡೂರಿನಲ್ಲಿದ್ದರು. ಮಗ ಅಲ್ಲಿಗೆ ಹೋಗಿ, ಮನೆಯಲ್ಲಿ ಹಿಂದಿನವರ ವಸ್ತುವೊಂದು ಸಿಕ್ಕಿದೆಯೆಂದಷ್ಟೇ ಹೇಳಿದ. ಏನು ಸಿಕ್ಕಿತೆಂದು ಹೇಳಲಿಲ್ಲ. ಆ ಗೃಹಸ್ಥರು ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಮನೆಯಲ್ಲಿ ಯಾವುದೂ ಕಾಣೆಯಾದದ್ದಿಲ್ಲ. ಆ ಪೆಟ್ಟಿಗೆ ನಮ್ಮ ತಂದೆಯವರು ಮನೆ ಕೊಂಡಾಗಲೇ ಅಟ್ಟದ ಮೇಲಿತ್ತು. ಅದಕ್ಕೆ ಹಿಂದಿನವರನ್ನು ಕೇಳಬೇಕು” ಎಂದು ಹೇಳಿ, ಹಳೆಯ ಕ್ರಯಪತ್ರವನ್ನು ಹುಡುಕಿ ಕೊಟ್ಟರು. ಏನೋ ಬೆಲೆಬಾಳುವ ವಸ್ತು ಇದ್ದೀತೆಂದು ಊಹಿಸಿಯೂ ತಮ್ಮದೆನ್ನದ ಆ ಅಜೈನ ಗೃಹಸ್ಥರೂ ಅಚೌರ್ಯವನ್ನು ಪಾಲಿಸಿದಂತಾಯಿತು.

ಕ್ರಯಪತ್ರದಲ್ಲಿದ್ದ ಹೆಸರನ್ನು ಹಿಡಿದು ವಿಚಾರಿಸುತ್ತ ಹೋದಾಗ, ಆ ಮನೆತನದ ಮೊಮ್ಮಗಳೊಬ್ಬರು ತರೀಕೆರೆಯಲ್ಲಿರುವುದು ತಿಳಿಯಿತು. ಅಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ಇಷ್ಟು ಹಳೆಯ ವಸ್ತುವಿಗೆ ಈಗ ಒಡೆಯರೆಲ್ಲಿಂದ ಬರಬೇಕು ಎಂದು ನೆರೆಹೊರೆಯವರು ನಕ್ಕದ್ದೂ ಉಂಟು. ಕಾಲ ಕಳೆದ ಮಾತ್ರಕ್ಕೆ ಪರದ್ರವ್ಯ ತನ್ನದಾಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಬಂಧೀಖಾನೆಗಳಲ್ಲಿ ಸೆರೆಯಾಳುಗಳಿಂದ ಕಿತ್ತುಕೊಂಡಿದ್ದ ಉಂಗುರ, ಕೈಗಡಿಯಾರ, ಮನೆಯವರ ಭಾವಚಿತ್ರ ಮೊದಲಾದವುಗಳನ್ನು ಅವರ ಮಕ್ಕಳು ಮೊಮ್ಮಕ್ಕಳಿಗೆ ಮುಟ್ಟಿಸುವ ಕಾರ್ಯವನ್ನು ಅಲ್ಲಿಯ ಆರೋಲ್ಸನ್ ಪಟ್ಟಣದ ದಾಖಲೆ ಸಂಸ್ಥೆ 2016ರಲ್ಲಿ ವಿಶೇಷವಾಗಿ ಕೈಗೊಂಡಿತು. ಯುದ್ಧ ಮುಗಿದು 70 ವರ್ಷಗಳು ಕಳೆದಿದ್ದರೂ ವಾರಸುದಾರರು ಸಿಕ್ಕರು. ಹುಡುಕುವವರಿಗೆ ಮನಸ್ಸಿದ್ದರೆ ವಂಶ ಸಿಗುತ್ತದೆ.

ಈ ಸಂದರ್ಭದಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಸತ್ಯಘೋಷನ ಕಥೆ ನೆನಪಿಡತಕ್ಕದ್ದು. ಸಿಂಹಪುರದ ಅರಸ ಸಿಂಹಸೇನನ ಮಂತ್ರಿ ಶ್ರೀಭೂತಿ. ಸತ್ಯವಂತನೆಂಬ ಖ್ಯಾತಿಯಿಂದ ಅವನಿಗೆ ಸತ್ಯಘೋಷನೆಂಬ ಹೆಸರು. ಭದ್ರಮಿತ್ರನೆಂಬ ವರ್ತಕ ತನ್ನ ರತ್ನಗಳನ್ನು ನಂಬಿ ಅವನಲ್ಲಿ ಇಟ್ಟ. ಮರಳಿ ಕೇಳಿದಾಗ ಮಂತ್ರಿ, ಇಟ್ಟೇ ಇಲ್ಲವೆಂದ. ವರ್ತಕ ದಿನವೂ ಮರವೇರಿ ತನ್ನ ಅಳಲನ್ನು ಕೂಗಿ ಹೇಳುತ್ತಿದ್ದ. ರಾಣಿ ರಾಮದತ್ತೆಗೆ ಸಂಶಯ ಬಂದು, ಮಂತ್ರಿಯೊಡನೆ ಜೂಜಾಡಿ ಅವನ ಉಂಗುರವನ್ನೂ ಯಜ್ಞೋಪವೀತವನ್ನೂ ಗೆದ್ದು, ಆ ಗುರುತನ್ನು ಅವನ ಮನೆಗೆ ಕಳುಹಿಸಿ ರತ್ನಗಳನ್ನು ತರಿಸಿದಳು. ಆಗ ಅರಸನು ಅವುಗಳನ್ನು ತನ್ನ ಭಂಡಾರದ ರತ್ನಗಳೊಂದಿಗೆ ಬೆರೆಸಿ ವರ್ತಕನ ಮುಂದಿಟ್ಟ. ಭದ್ರಮಿತ್ರ ತನ್ನವನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಮುಟ್ಟಲಿಲ್ಲ. ಇಟ್ಟುಕೊಂಡವನು ಶಿಕ್ಷೆಗೆ ಗುರಿಯಾಗಿ, ಸತ್ತು ಅದೇ ಭಂಡಾರದಲ್ಲಿ ಹಾವಾಗಿ ಹುಟ್ಟಿದ. ಅರಸನ ಕ್ರಮದಲ್ಲಿ ಒಂದು ನೀತಿಯಿದೆ. ಹಿಂತಿರುಗಿಸುವವನು ಆತುರಪಟ್ಟು ಸಿಕ್ಕವರ ಕೈಗೆ ಹಾಕಬಾರದು. ನಿಜವಾದ ಒಡೆಯರು ಯಾರೆಂದು ಪರೀಕ್ಷಿಸಿ ಕೊಡಬೇಕು. ಒಡೆಯರಲ್ಲದವರಿಗೆ ಕೊಟ್ಟರೂ ಅದು ಮತ್ತೊಬ್ಬರಿಗೆ ಕೊಟ್ಟಂತೆಯೇ ಆಗುತ್ತದೆ.

ಅತ್ತೆಯವರು ಮಗ ಸೊಸೆಯರನ್ನು ಕರೆದುಕೊಂಡು ತರೀಕೆರೆಗೆ ಹೋದರು. ಆ ಮನೆಯ ಹಿರಿಯ ಹೆಂಗಸಿಗೆ ಎಂಬತ್ತು ದಾಟಿತ್ತು. ಅಜ್ಜಂಪುರದ ಮನೆಯಲ್ಲಿ ಒಡವೆ ಏನಾದರೂ ಕಳೆದಿತ್ತೆ ಎಂದು ಕೇಳಿದ ಕೂಡಲೆ ಆಕೆಯ ಮುಖ ಬಾಡಿತು.

“ನಮ್ಮಜ್ಜಿಯ ಕಾಸಿನ ಸರ. ಹದಿನೆಂಟು ಕಾಸಿತ್ತು ಅಂತ ನಮ್ಮಮ್ಮ ಹೇಳುತ್ತಿದ್ದಳು. ಒಂದರ ಕೊಂಡಿ ಮುರಿದಾಗ ಚಿನ್ನ ಹಾಕಿಸಲು ಕೈಲಾಗದೆ ಬೆಳ್ಳಿಯದನ್ನು ಹಾಕಿಸಿದ್ದರಂತೆ. ಅಜ್ಜಿ ಒಂದೇ ರಾತ್ರಿಯ ಜ್ವರದಲ್ಲಿ ಹೋದರು. ಸರ ಎಲ್ಲಿಟ್ಟರೆಂದು ಯಾರಿಗೂ ಹೇಳಲಿಲ್ಲ. ಮನೆಯವರೆಲ್ಲ ಸೊಸೆಯೇ ತವರಿಗೆ ಸಾಗಿಸಿದಳು ಎಂದರು. ಆ ಸೊಸೆಯೇ ನಮ್ಮಮ್ಮ. ಸಾಯುವವರೆಗೂ ಆ ಮಾತನ್ನು ಹೊತ್ತುಕೊಂಡೇ ಇದ್ದಳು” ಎಂದರು.

ಸೊಸೆ ಗಂಟನ್ನು ಬಿಚ್ಚಿ ಆಕೆಯ ಮಡಿಲಲ್ಲಿಟ್ಟಳು. ವೃದ್ಧೆ ಬೆಳ್ಳಿಯ ಕೊಂಡಿಯನ್ನು ಬೆರಳಿಂದ ತಡವಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಅತ್ತೆಯವರೇ ಹೇಳಿದರು: “ಎಣಿಸಿಕೊಳ್ಳಿ ತಾಯಿ. ನೀವು ಹದಿನೆಂಟು ಅಂದಿರಿ. ಇದರಲ್ಲಿ ಇಪ್ಪತ್ತಿವೆ.”

ಒಡೆಯರಿಗೆ ಗೊತ್ತಿಲ್ಲದ ಆ ಎರಡು ಕಾಸುಗಳಲ್ಲಿ ವ್ರತದ ಪರೀಕ್ಷೆಯಿತ್ತು. ಹದಿನೆಂಟನ್ನು ಕೊಟ್ಟಿದ್ದರೂ ಆಕೆ ಕೈಮುಗಿದು ತೆಗೆದುಕೊಳ್ಳುತ್ತಿದ್ದಳು. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದು ಒಂದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುತ್ತ, ಇಟ್ಟವನು ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿ ಕೊಡುವುದೇ ಆ ದೋಷವೆಂದು ಹೇಳಿದ್ದಾರೆ. ಇಲ್ಲಿ ಸುಳ್ಳಿನ ಮಾತು ಆಡಬೇಕಾಗಿಯೂ ಇಲ್ಲ. ಪರರ ಮರೆವಿಗೆ ತಲೆಯಾಡಿಸಿದರೆ ಸಾಕು, ವ್ರತ ಕೆಡುತ್ತದೆ. ಇಟ್ಟ ವಸ್ತುವಿಗೆ ಹೇಳಿದ್ದು ಸಿಕ್ಕ ವಸ್ತುವಿಗೂ ಸಲ್ಲುತ್ತದೆ.

ಸರವನ್ನು ಬಸದಿಗೆ ಒಪ್ಪಿಸಿದ್ದರೆ ಆಗುತ್ತಿದ್ದುದೇನೆಂಬುದನ್ನು ಇಲ್ಲಿ ವಿಚಾರಿಸಬೇಕು. ಚಿನ್ನದ ಬೆಲೆ ದೇವರ ಕಾರ್ಯಕ್ಕೆ ಸಂದಿತೆಂದು ಆ ಸಂಸಾರ ಸಂತೋಷಪಡುತ್ತಿತ್ತು. ನಿರಪರಾಧಿಯಾದ ಹೆಣ್ಣೊಬ್ಬಳ ಮೇಲಿನ ಅಪವಾದ ಮಾತ್ರ ಅವಳ ಮಕ್ಕಳ ಕಾಲಕ್ಕೂ ಹಾಗೆಯೇ ಉಳಿಯುತ್ತಿತ್ತು. ಪರರ ವಸ್ತುವಿನೊಂದಿಗೆ ಅವರ ಮನೆಯ ಎಷ್ಟು ಸುಖದುಃಖಗಳು ಹೆಣೆದುಕೊಂಡಿವೆಯೆಂಬುದು ಸಿಕ್ಕವನಿಗೆ ತಿಳಿಯದು. ತಿಳಿಯದವನು ಅದರ ವಿನಿಯೋಗವನ್ನು ತೀರ್ಮಾನಿಸುವುದು ಎಷ್ಟು ಒಳ್ಳೆಯ ಉದ್ದೇಶದಿಂದಾದರೂ ಸಾಹಸವೇ. ಇಂತಹುದನ್ನು ಬಲ್ಲವರಾಗಿಯೇ ಆಚಾರ್ಯರು ಮತ್ತೊಬ್ಬರಿಗೆ ಕೊಡಬಾರದು ಎಂಬ ಮಾತನ್ನು ಸೇರಿಸಿರಬೇಕು.

ವೃದ್ಧೆಗೆ ಸೊಸೆಯ ನೋಂಪಿಯ ವಿಚಾರ ಮಾತಿನ ನಡುವೆ ತಿಳಿಯಿತು. ಆಕೆ ಎರಡು ಕಾಸುಗಳನ್ನು ಬಿಡಿಸಲು ಹೋಗಿ, “ನನಗೆ ಗೊತ್ತಿದ್ದದ್ದು ಹದಿನೆಂಟೇ ಮಗಳೇ. ಇವೆರಡು ನಿನ್ನ ನೋಂಪಿಗಿರಲಿ” ಎಂದರು. ಒಡೆಯರು ಮನಸಾರೆ ಕೊಟ್ಟದ್ದು ಅದತ್ತವಲ್ಲ. ಆದರೂ ಸೊಸೆ ಕೈಚಾಚಲಿಲ್ಲ. “ನಿಮ್ಮ ಅಣ್ಣತಮ್ಮಂದಿರ ಮಕ್ಕಳೂ ಇದ್ದಾರಲ್ಲ ಅಜ್ಜಿ. ಅವರ ಪಾಲನ್ನು ನೀವೊಬ್ಬರೇ ಕೊಡುವ ಹಾಗಿಲ್ಲ, ನಾನು ತೆಗೆದುಕೊಳ್ಳುವ ಹಾಗೂ ಇಲ್ಲ. ಚತುರ್ದಶಿಯ ದಿನ ಬಸದಿಗೆ ಬಂದು ನಮ್ಮ ಪೂಜೆ ನೋಡಿ, ಅಷ್ಟು ಸಾಕು” ಎಂದಳು.

ಆ ವರ್ಷ ಅನಂತ ಚತುರ್ದಶಿಯಂದು ಉದ್ಯಾಪನೆ ಆಗಲಿಲ್ಲ. ಸೊಸೆ ಉಪವಾಸವಿದ್ದು, ಎಂದಿನಂತೆ ಅಭಿಷೇಕ ಪೂಜೆಗಳನ್ನು ಮುಗಿಸಿ, ಮರುದಿನ ಪಾರಣೆ ಮಾಡಿದಳು. ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬೇಕೆಂಬುದು ನೋಂಪಿಯ ವಿಧಿ. ಅವಳು ಇನ್ನೂ 14 ವರ್ಷಗಳ ಸಂಕಲ್ಪವನ್ನು ಮಾಡಿದಳು. ಹಣವಿಲ್ಲದವರಿಗೂ ನಿರ್ಮಲವಾದ ದಾರಿಯೊಂದನ್ನು ಶಾಸ್ತ್ರ ಇಟ್ಟಿರುವಾಗ ಪರರ ಗಂಟಿನ ಕಡೆಗೆ ನೋಡಬೇಕಾದ ಅಗತ್ಯ ಯಾವ ವ್ರತಿಗೂ ಇಲ್ಲ.

ಗೃಹಸ್ಥರು ಇಂತಹ ಪ್ರಸಂಗದಲ್ಲಿ ಅನುಸರಿಸಬೇಕಾದ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಹಳೆಯ ಮನೆ, ಪೆಟ್ಟಿಗೆ, ಗ್ರಂಥದ ಕಟ್ಟು, ಅಡವಿನ ಗಂಟು ಇವುಗಳಲ್ಲಿ ಪರರ ವಸ್ತು ಕಂಡರೆ, ಮನೆಯ ಹಿರಿಯರ ಸಮಕ್ಷಮದಲ್ಲಿ ಎಣಿಸಿ, ತೂಗಿ, ದಿನ ಸ್ಥಳಗಳೊಂದಿಗೆ ಬರೆದಿಡಬೇಕು. ಅದನ್ನು ಧರಿಸಬಾರದು, ಅಡವಿಡಬಾರದು, ಕರಗಿಸಬಾರದು. ಹೊಳಪು ಮಾಡಿಸಿದರೂ ಗುರುತು ಅಳಿಯುವ ಭಯವಿದೆ. ಕ್ರಯಪತ್ರ, ವಿಭಾಗಪತ್ರಗಳಲ್ಲಿರುವ ಹೆಸರುಗಳನ್ನು ಹಿಡಿದು ವಾರಸುದಾರರನ್ನು ಹುಡುಕಬೇಕು. ವಸ್ತುವನ್ನು ತೋರಿಸುವುದಕ್ಕೆ ಮೊದಲು ಅವರಿಂದಲೇ ಗುರುತನ್ನು ಕೇಳಬೇಕು. ಕವಲುಗಳು ಹಲವಿದ್ದರೆ ಎಲ್ಲರಿಗೂ ತಿಳಿಸಿ, ಸಾಕ್ಷಿಗಳ ಮುಂದೆ ಒಪ್ಪಿಸಿ, ಬರಹ ಪಡೆಯಬೇಕು. ನೆಲದಲ್ಲಿ ಹೂತದ್ದು ಸಿಕ್ಕರೆ ಅದು ನಿಧಿ. 1878ರ ನಿಧಿ ಕಾಯಿದೆಯ ಕಾಲದಿಂದಲೂ ಅದನ್ನು ಜಿಲ್ಲೆಯ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವಿದೆ, ಮುಚ್ಚಿಡುವುದು ಅಪರಾಧ. ವಾರಸುದಾರರು ಇನ್ನೂ ಸಿಗದಿದ್ದರೆ ಅಲ್ಲಿಯವರೆಗೆ ತಾನು ಕಾವಲುಗಾರ ಮಾತ್ರವೆಂಬ ಭಾವನೆಯನ್ನು ಬಿಡಬಾರದು. ಮಕ್ಕಳಿಗೂ ಹಾಗೆಯೇ ಬರೆದು ತಿಳಿಸಬೇಕು.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಎಲ್ಲರೂ ಎಲ್ಲರಲ್ಲಿಯೂ ಕ್ಷಮೆ ಕೇಳುತ್ತಾರೆ. ಅಂದು ಮನೆಯ ಪೆಟ್ಟಿಗೆಗಳನ್ನೂ ಒಮ್ಮೆ ತೆರೆದು ನೋಡುವುದು ಉಚಿತ. ಹಿಂದೆಂದೋ ಎರವಲು ತಂದ ಪಾತ್ರೆ, ಬಿಡಿಸಿಕೊಳ್ಳಲು ಬಾರದವರ ಅಡವಿನ ಓಲೆ, ಓದಲು ತಂದು ಮರೆತ ಶಾಸ್ತ್ರಗ್ರಂಥ ಅಲ್ಲಿದ್ದೀತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅದರ ಒಡೆಯರ ಮಕ್ಕಳ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದರೆ, ಹತ್ತು ದಿನಗಳ ಉಪವಾಸ ಅಂದು ಪೂರ್ಣವಾಗುತ್ತದೆ.